ಓದಿಗೂ ಓಟಿಗೂ ಏನು ನಂಟು?

ಅನ್ನ ಬೆಂದಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಇಡೀ ಪಾತ್ರೆಯನ್ನು ಬರಿದುಮಾಡಿ ನೋಡುವ ಪದ್ಧತಿ ನಮ್ಮ ಮನೆಗಳಲ್ಲಿಲ್ಲ. ಸೌಟಿನ ತುದಿಯಲ್ಲಿ ನಾಲ್ಕು ಅಗುಳನ್ನು ತೆಗೆದು, ಒಂದನ್ನು ಬೆರಳುಗಳ ನಡುವೆ ಹಿಸುಕಿ ನೋಡಿದರೆ ಸಾಕು, ಪಾತ್ರೆಯ ಸಮಾಚಾರವೆಲ್ಲ ತಿಳಿಯುತ್ತದೆ. ಆದರೆ ಈ ಸುಲಭವಾದ ಪರೀಕ್ಷೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಕುದಿದು, ಹೆಚ್ಚುಕಡಮೆ ಸಮನಾಗಿ ಬೆಂದಿವೆ ಎಂಬುದೇ ಆ ನಂಬಿಕೆ. ತಳದ ಅನ್ನ ಸೀದು, ಮೇಲಿನದು ಇನ್ನೂ ಗಟ್ಟಿಯಾಗಿಯೇ ಉಳಿದಿದ್ದರೆ, ಮೇಲಿನಿಂದ ತೆಗೆದ ಅಗುಳು ತಳದ ವಿಷಯದಲ್ಲಿ ನಮಗೆ ಸುಳ್ಳನ್ನೇ ಹೇಳುತ್ತದೆ.

ಚುನಾವಣೆಯ ಮೊದಲು ಪತ್ರಿಕೆಗಳಲ್ಲಿ ಪ್ರಕಟವಾಗುವ ಜನಾಭಿಪ್ರಾಯ ಸಂಗ್ರಹಗಳೂ ಇಂತಹ ಅಗುಳಿನ ಪರೀಕ್ಷೆಗಳೇ. ಕೋಟ್ಯಂತರ ಮತದಾರರಲ್ಲಿ ಒಂದು ಸಾವಿರ ಜನರನ್ನು ಕೇಳಿ, ದೇಶದ ಮನಸ್ಸು ಹೀಗಿದೆ ಎಂದು ಹೇಳುತ್ತಾರೆ. ಈ ಪರೀಕ್ಷೆ ಹಲವು ಸಲ ಸರಿಯಾಗಿಯೇ ನಡೆಯುತ್ತದೆ; ಕೆಲವು ಸಲ ಬೀಗುತ್ತದೆ. 2016ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರ ಚುನಾವಣೆಯಲ್ಲಿ ಅದು ತಪ್ಪಿದಾಗ, ಅದಕ್ಕೆ ದೊರೆತ ಕಾರಣಗಳಲ್ಲಿ ಮುಖ್ಯವಾದುದೊಂದು ಮತದಾರರ ವಿದ್ಯಾಭ್ಯಾಸಕ್ಕೆ ಸಂಬಂಧಿಸಿದುದು. ಓದಿದವರು ಒಬ್ಬ ಅಭ್ಯರ್ಥಿಯ ಕಡೆಗೂ ಹೆಚ್ಚು ಓದದವರು ಮತ್ತೊಬ್ಬನ ಕಡೆಗೂ ವಾಲಿದ್ದರು. ಆದರೆ ಪ್ರಶ್ನೆ ಕೇಳಿದವರಿಗೆ ಸಿಕ್ಕಿದವರಲ್ಲಿ ಓದಿದವರೇ ಅಳತೆಮೀರಿ ಇದ್ದರು. ಈ ನಂಟನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಅದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ಇಲ್ಲಿ ವಿವೇಚಿಸೋಣ.

ಸಂಖ್ಯೆ ಹೆಚ್ಚಿದರೆ ಸಾಕೆ?

ಸಾವಿರ ಜನರ ಮಾತಿನಿಂದ ಕೋಟಿ ಜನರ ಮನಸ್ಸನ್ನು ತಿಳಿಯುವುದು ಸಾಧ್ಯವೇ ಎಂದು ಯಾರಾದರೂ ಸಂದೇಹಪಟ್ಟರೆ ಅದು ಸಹಜವಾದುದು. ಆದರೆ ಗಣಿತ ಇಲ್ಲಿ ನಮ್ಮ ಪರವಾಗಿದೆ. ಯಾವ ಪಕ್ಷಪಾತವೂ ಇಲ್ಲದೆ, ಚೀಟಿ ಎತ್ತಿದಂತೆ, ಸಾವಿರ ಜನರನ್ನು ಆರಿಸಿದರೆ, ನೂರರಲ್ಲಿ ಸುಮಾರು 95 ಸಲ ದೊರೆಯುವ ಉತ್ತರವು ನಿಜವಾದ ಶೇಕಡಾ ಅಂಕಿಗೆ 3ರಷ್ಟು ಆಚೆ ಈಚೆ ಮಾತ್ರ ಇರುತ್ತದೆ. ಆರಿಸಿದವರ ಸಂಖ್ಯೆಯನ್ನು ನಾಲ್ಕು ಮಡಿ ಮಾಡಿದರೆ ಈ ದೋಷ ಅರ್ಧಕ್ಕೆ ಇಳಿಯುತ್ತದೆ. ಏಕೆಂದರೆ ದೋಷವು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. ದೇಶದಲ್ಲಿ ಒಂದು ಕೋಟಿ ಮತದಾರರಿದ್ದರೂ ನೂರು ಕೋಟಿ ಇದ್ದರೂ ಈ ಲೆಕ್ಕ ಹೆಚ್ಚುಕಡಮೆ ಒಂದೇ. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳನ್ನು ಹಿಸುಕಬೇಕಾಗಿಲ್ಲವಷ್ಟೆ!

ಆದರೆ "ಚೀಟಿ ಎತ್ತಿದಂತೆ" ಎಂಬ ಮಾತನ್ನು ಮರೆತರೆ ಈ ಲೆಕ್ಕವೆಲ್ಲ ವ್ಯರ್ಥ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರಗಳನ್ನು ಕಳುಹಿಸಿತು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಪುಸ್ತಕಗಳಿಂದಲೂ ಮೋಟಾರು ಗಾಡಿಗಳ ನೋಂದಣಿ ಪಟ್ಟಿಗಳಿಂದಲೂ ತೆಗೆದುಕೊಂಡಿದ್ದರು. ಇಪ್ಪತ್ಮೂರು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದುವು. ಅವನ್ನು ಎಣಿಸಿದ ಪತ್ರಿಕೆ, ನೂರಕ್ಕೆ 57 ಮತಗಳನ್ನು ಪಡೆದು ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅವರಿಗೆ ಬಂದ ಮತಗಳು ನೂರಕ್ಕೆ ಸುಮಾರು 61! ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬವರು ಸುಮಾರು ಐವತ್ತು ಸಾವಿರ ಜನರನ್ನು ಮಾತ್ರ ಕೇಳಿ, ರೂಸ್‌ವೆಲ್ಟ್ ಗೆಲ್ಲುವರೆಂದು ಸರಿಯಾಗಿಯೇ ಹೇಳಿದ್ದರು. ಬಡತನದ ಆ ವರ್ಷಗಳಲ್ಲಿ ಟೆಲಿಫೋನ್ ಇಟ್ಟುಕೊಂಡವರು ಸಾಮಾನ್ಯ ಮತದಾರರ ಪ್ರತಿಬಿಂಬವಾಗಿರಲಿಲ್ಲ. ಇಷ್ಟೇ ಅಲ್ಲ, ಪತ್ರ ಬಂದರೂ ಉತ್ತರ ಬರೆಯದೆ ಸುಮ್ಮನಿದ್ದವರ ಮನಸ್ಸೂ, ಆಸ್ಥೆಯಿಂದ ಉತ್ತರ ಕಳುಹಿಸಿದವರ ಮನಸ್ಸೂ ಒಂದೇ ಆಗಿರಲಿಲ್ಲ.

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಹಿಡಿದ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವಲ್ಲ. ಗೇಜಿನಲ್ಲಿ ಶೂನ್ಯದೋಷವಿದ್ದರೆ ತಂತಿಯ ವ್ಯಾಸವನ್ನು ಹತ್ತು ಸಲ ಅಳೆದರೂ ಸಾವಿರ ಸಲ ಅಳೆದರೂ ಸರಾಸರಿಯಲ್ಲಿ ಆ ದೋಷ ಹಾಗೆಯೇ ಉಳಿಯುತ್ತದೆ. ಕೈತಪ್ಪಿನಿಂದ ಆಗುವ ಸಣ್ಣ ದೋಷಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಉಪಕರಣದ ದೋಷ ಕಳೆದುಹೋಗುವುದಿಲ್ಲ. ಅದನ್ನು ಗುರುತಿಸಿ, ಲೆಕ್ಕದಲ್ಲಿ ತಿದ್ದಿಕೊಳ್ಳಬೇಕು.

ವಿಸ್ಕಾನ್ಸಿನ್‌ನಲ್ಲಿ ನಡೆದುದೇನು?

ಈಗ 2016ಕ್ಕೆ ಬರೋಣ. ಆ ವರ್ಷ ಡೆಮೊಕ್ರಾಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರಿಗೂ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರಿಗೂ ಸ್ಪರ್ಧೆ ನಡೆಯಿತು. ದೇಶವನ್ನು ಒಟ್ಟಾಗಿ ತೆಗೆದುಕೊಂಡರೆ ಜನಾಭಿಪ್ರಾಯ ಸಂಗ್ರಹಗಳು ಬಹಳ ತಪ್ಪಿರಲಿಲ್ಲ. ಕ್ಲಿಂಟನ್ ಅವರು ಶೇಕಡಾ 3ರಷ್ಟು ಮುಂದಿರುವರೆಂದು ಅವು ಹೇಳಿದುವು. ಎಣಿಕೆಯಲ್ಲಿ ಅವರು ಶೇಕಡಾ 2ರಷ್ಟು ಹೆಚ್ಚು ಮತಗಳನ್ನೇ ಪಡೆದರು. ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ದೇಶದ ಒಟ್ಟು ಮತಗಳಿಂದಲ್ಲ, ರಾಜ್ಯರಾಜ್ಯಗಳ ಲೆಕ್ಕದಿಂದ. ವಿಸ್ಕಾನ್ಸಿನ್ ರಾಜ್ಯದಲ್ಲಿ ಸಂಗ್ರಹಗಳ ಸರಾಸರಿಯಂತೆ ಕ್ಲಿಂಟನ್ ಅವರು ಶೇಕಡಾ 6ರಷ್ಟು ಮುಂದಿದ್ದರು. 1984ರ ಅನಂತರ ಅಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷಾಭ್ಯರ್ಥಿಗಳು ಗೆದ್ದೇ ಇರಲಿಲ್ಲ. ಆದರೂ ಸುಮಾರು ಮೂವತ್ತು ಲಕ್ಷ ಮತಗಳಲ್ಲಿ 22,748ರ ಅಂತರದಿಂದ ಟ್ರಂಪ್ ಗೆದ್ದರು. ಮಿಷಿಗನ್, ಪೆನ್ಸಿಲ್ವೇನಿಯ ರಾಜ್ಯಗಳಲ್ಲಿಯೂ ಇದೇ ರೀತಿ ಆಯಿತು. ಆ ಮೂರು ರಾಜ್ಯಗಳಿಂದ ಅಧ್ಯಕ್ಷ ಪದವಿಯೇ ನಿರ್ಧಾರವಾಯಿತು.

ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘವು 2017ರಲ್ಲಿ ಈ ತಪ್ಪನ್ನು ಕುರಿತು ವಿಚಾರಣೆಯ ವರದಿಯೊಂದನ್ನು ಹೊರಡಿಸಿತು. ಕೊನೆಯ ವಾರದಲ್ಲಿ ಮನಸ್ಸು ಗಟ್ಟಿಮಾಡಿಕೊಂಡವರು ಟ್ರಂಪ್ ಅವರ ಕಡೆಗೆ ಹೆಚ್ಚಾಗಿ ಸರಿದರು ಎಂಬುದು ಅದರಲ್ಲಿ ಒಂದು ಕಾರಣ. ಎರಡನೆಯದು, ರಾಜ್ಯಮಟ್ಟದ ಬಹು ಸಂಗ್ರಹಗಳಲ್ಲಿ ವಯಸ್ಸು, ಲಿಂಗ, ಜನಾಂಗ ಇವುಗಳಿಗೆ ತಕ್ಕಂತೆ ಅಂಕಿಗಳನ್ನು ತಿದ್ದಿದ್ದರೂ ವಿದ್ಯಾಭ್ಯಾಸಕ್ಕೆ ತಕ್ಕಂತೆ ತಿದ್ದಿರಲಿಲ್ಲ. ಓದಿದವರು ಇಂತಹ ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪುವುದು ಹೆಚ್ಚು. ಇದು ಬಹಳ ಕಾಲದಿಂದ ತಿಳಿದಿದ್ದ ಸಂಗತಿ. ಅಮೆರಿಕದಲ್ಲಿ ಟೆಲಿಫೋನಿನ ಮೂಲಕ ಕೇಳುವ ಸಂಗ್ರಹಗಳಿಗೆ 1997ರಲ್ಲಿ ನೂರಕ್ಕೆ 36 ಕರೆಗಳಿಗೆ ಉತ್ತರ ಸಿಗುತ್ತಿದ್ದರೆ, 2016ರ ವೇಳೆಗೆ ಆ ಸಂಖ್ಯೆ 9ಕ್ಕೆ ಇಳಿದಿತ್ತು. ಉತ್ತರಿಸುವವರು ಇಷ್ಟು ವಿರಳವಾದಾಗ, ಅವರು ಎಂತಹವರು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಒಂದು ಸಣ್ಣ ಲೆಕ್ಕ

ಈ ತಪ್ಪು ಎಷ್ಟು ದೂರ ಒಯ್ಯಬಲ್ಲುದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ವಾಚಕರು ಕಾಗದ ಪೆನ್ಸಿಲುಗಳನ್ನು ಕೈಗೆ ತೆಗೆದುಕೊಳ್ಳಬಹುದು.

ಒಂದು ರಾಜ್ಯದ ಪ್ರತಿ ಸಾವಿರ ಮತದಾರರಲ್ಲಿ 350 ಜನ ಪದವೀಧರರು, 650 ಜನ ಪದವಿಯಿಲ್ಲದವರು ಎಂದಿಟ್ಟುಕೊಳ್ಳಿ. 'ಅ' ಮತ್ತು 'ಬ' ಎಂಬ ಇಬ್ಬರು ಅಭ್ಯರ್ಥಿಗಳು. ಪದವೀಧರರಲ್ಲಿ ನೂರಕ್ಕೆ 60 ಜನ 'ಅ' ಪರ; ಪದವಿಯಿಲ್ಲದವರಲ್ಲಿ ನೂರಕ್ಕೆ 44 ಜನ ಮಾತ್ರ 'ಅ' ಪರ. ಹಾಗಾದರೆ 'ಅ'ಗೆ ಬರುವ ಮತಗಳು 210 ಮತ್ತು 286, ಒಟ್ಟು 496. 'ಬ'ಗೆ ಉಳಿದ 504. ಗೆಲುವು 'ಬ'ನದು.

ಈಗ ಸಂಗ್ರಹಕಾರನು ಸಾವಿರ ಜನರ ಉತ್ತರವನ್ನು ಪಡೆಯುತ್ತಾನೆ. ಓದಿದವರು ಸುಲಭವಾಗಿ ಮಾತಿಗೆ ಸಿಗುವುದರಿಂದ, ಅವನ ಪಟ್ಟಿಯಲ್ಲಿ 500 ಜನ ಪದವೀಧರರೂ 500 ಜನ ಪದವಿಯಿಲ್ಲದವರೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಸುಳ್ಳು ಹೇಳಿಲ್ಲ. 'ಅ' ಪರವಾಗಿ 300 ಮತ್ತು 220, ಒಟ್ಟು 520. 'ಬ' ಪರವಾಗಿ 480. ಶೇಕಡಾ 4ರ ಅಂತರದಿಂದ 'ಅ' ಗೆಲ್ಲುವನೆಂದು ಸಂಗ್ರಹಕಾರನು ಸಾರುತ್ತಾನೆ. ಎಲ್ಲರೂ ನಿಜ ಹೇಳಿದ್ದಾರೆ, ಆದರೂ ಒಟ್ಟು ಮಾತು ಸುಳ್ಳಾಗಿದೆ!

ಇದನ್ನು ಸರಿಪಡಿಸುವ ಕ್ರಮಕ್ಕೆ ತೂಕ ಕಟ್ಟುವುದೆಂದು ಹೇಳಬಹುದು. ಪದವೀಧರರು 350 ಇರಬೇಕಾದಲ್ಲಿ 500 ಬಂದಿದ್ದಾರೆ. ಆದುದರಿಂದ ಪ್ರತಿಯೊಬ್ಬ ಪದವೀಧರನ ಉತ್ತರಕ್ಕೆ 350ನ್ನು 500ರಿಂದ ಭಾಗಿಸಿದ 0.7ರ ತೂಕ. ಪದವಿಯಿಲ್ಲದವರು 650 ಇರಬೇಕಾದಲ್ಲಿ 500 ಮಾತ್ರ ಬಂದಿದ್ದಾರೆ. ಅವರ ಉತ್ತರಕ್ಕೆ 1.3ರ ತೂಕ. ಈಗ 'ಅ'ನ ಲೆಕ್ಕ: 300ನ್ನು 0.7ರಿಂದ ಗುಣಿಸಿದರೆ 210, 220ನ್ನು 1.3ರಿಂದ ಗುಣಿಸಿದರೆ 286, ಒಟ್ಟು 496. ನಿಜವಾದ ಉತ್ತರವೇ ಕೈಗೆ ಬಂದಿತು. ಶೂನ್ಯದೋಷವನ್ನು ಕಳೆದು ಓದಿದಂತೆ ಇದು.

ಕಣಿವೆಯೂ ಇಳಿಜಾರೂ

ಇಷ್ಟು ಸುಲಭವಾದ ತಿದ್ದುಪಡಿಯನ್ನು ಅನುಭವಸ್ಥರು ಏಕೆ ಮಾಡಲಿಲ್ಲ? ಹಿಂದಿನ ಚುನಾವಣೆಗಳಲ್ಲಿ ಅದನ್ನು ಮಾಡಿದರೂ ಬಿಟ್ಟರೂ ಉತ್ತರ ಹೆಚ್ಚುಕಡಮೆ ಒಂದೇ ಬರುತ್ತಿತ್ತು. ಇದರ ಕಾರಣ ಬಹಳ ಸ್ವಾರಸ್ಯವಾದುದು.

2012ರ ಚುನಾವಣೆಯಲ್ಲಿ ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ಮಾಡಿದ ಸಂಗ್ರಹವನ್ನು ನೋಡಿ. ಡೆಮೊಕ್ರಾಟಿಕ್ ಪಕ್ಷದ ಒಬಾಮ ಅವರಿಗೆ ಪ್ರೌಢಶಾಲೆಯನ್ನು ಮುಗಿಸದವರಲ್ಲಿ ನೂರಕ್ಕೆ 64, ಮುಗಿಸಿದವರಲ್ಲಿ 51, ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ಪಡೆಯದವರಲ್ಲಿ 49, ಪದವೀಧರರಲ್ಲಿ 47, ಸ್ನಾತಕೋತ್ತರ ವ್ಯಾಸಂಗ ಮಾಡಿದವರಲ್ಲಿ 55 ಜನ ಮತ ಕೊಟ್ಟಿದ್ದರು. ಇದನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಎರಡು ತುದಿಗಳಲ್ಲಿ ಎತ್ತರವಾಗಿ ನಡುವೆ ತಗ್ಗಾದ ಕಣಿವೆಯೊಂದು ಕಾಣುತ್ತದೆ. ಇಂತಹ ಕಣಿವೆಯಲ್ಲಿ, ಬಹಳ ಓದಿದವರು ಪಟ್ಟಿಯಲ್ಲಿ ಹೆಚ್ಚಾಗಿ ಬಂದು ಏನೂ ಓದದವರು ಕಡಮೆಯಾದರೂ ಒಂದು ತುದಿಯ ನಷ್ಟವನ್ನು ಇನ್ನೊಂದು ತುದಿ ತುಂಬಿಕೊಡುತ್ತದೆ. ದೋಷವಿತ್ತು; ಅದು ಕಾಣುತ್ತಿರಲಿಲ್ಲ.

2016ರಲ್ಲಿ ಕಣಿವೆ ಹೋಗಿ ಏರು ಕಾಣಿಸಿಕೊಂಡಿತು. ಪ್ರೌಢಶಾಲೆಯವರೆಗೆ ಓದಿದವರಲ್ಲಿ ಕ್ಲಿಂಟನ್ ಅವರಿಗೆ ನೂರಕ್ಕೆ ಸುಮಾರು 46, ಪದವಿ ಮುಗಿಸದವರಲ್ಲಿ 43, ಪದವೀಧರರಲ್ಲಿ 49, ಸ್ನಾತಕೋತ್ತರರಲ್ಲಿ 58. ಎಡದ ತುದಿ ಕುಸಿದು ಬಲದ ತುದಿ ಏರಿತ್ತು. ಈಗ ಓದಿದವರು ಪಟ್ಟಿಯಲ್ಲಿ ಹೆಚ್ಚಾದಷ್ಟೂ ಕ್ಲಿಂಟನ್ ಅವರ ಅಂಕಿ ಸುಮ್ಮನೆ ಉಬ್ಬುತ್ತ ಹೋಯಿತು. ಪಾತ್ರೆಯ ಅನ್ನ ಸಮನಾಗಿ ಬೆಂದಿದ್ದಾಗ ಯಾವ ಮೂಲೆಯ ಅಗುಳಾದರೂ ಸರಿ; ಮೇಲಕ್ಕೂ ತಳಕ್ಕೂ ಭೇದ ಹುಟ್ಟಿದ ಮೇಲೆ ಹಳೆಯ ಸೌಟು ಮೋಸ ಮಾಡಿತು.

ಪಾಠ ಕಲಿತ ಸಂಗ್ರಹಕಾರರು 2020ರ ಚುನಾವಣೆಯ ವೇಳೆಗೆ ಬಹುಮಟ್ಟಿಗೆ ವಿದ್ಯಾಭ್ಯಾಸಕ್ಕೂ ತೂಕ ಕಟ್ಟಿದರು. ಫಲವೇನಾಯಿತು? ಆ ವರ್ಷದ ತಪ್ಪು ಹಿಂದಿನ ನಲವತ್ತು ವರ್ಷಗಳಲ್ಲಿಯೇ ದೊಡ್ಡದಾಯಿತು! ಗೆಲ್ಲುವವರ ಹೆಸರನ್ನು ಸರಿಯಾಗಿ ಹೇಳಿದರೂ ಅಂತರವನ್ನು ಸುಮಾರು 4 ಅಂಶಗಳಷ್ಟು ಹೆಚ್ಚಾಗಿ ಹೇಳಿದ್ದರು. ಇದಕ್ಕೆ ವಿವರಣೆ ಹುಡುಕಿದವರ ಮುಂದಿದ್ದ ಕಷ್ಟ ಇದು: ತೂಕ ಕಟ್ಟುವಾಗ, ಮಾತಿಗೆ ಸಿಕ್ಕಿದ ಪದವಿಯಿಲ್ಲದವನ ಮನಸ್ಸೂ ಸಿಗದೆ ಹೋದ ಪದವಿಯಿಲ್ಲದವನ ಮನಸ್ಸೂ ಒಂದೇ ಎಂದು ನಾವು ಭಾವಿಸುತ್ತೇವೆ. ಅಪರಿಚಿತನ ಕರೆಗೆ ಉತ್ತರ ಕೊಡುವವನಿಗೂ ಕೊಡದವನಿಗೂ ಓದಿನಲ್ಲಿ ಭೇದವಿಲ್ಲದಿದ್ದರೂ ಸರ್ಕಾರದಲ್ಲಿ, ಪತ್ರಿಕೆಗಳಲ್ಲಿ, ಜನರಲ್ಲಿ ಇರುವ ವಿಶ್ವಾಸದಲ್ಲಿ ಭೇದವಿದ್ದರೆ, 1.3ರ ತೂಕವು ಆ ತಪ್ಪನ್ನು ತಿದ್ದಲಾರದು. ಮೌನವಾಗಿರುವವನ ಮನಸ್ಸನ್ನು ಮಾತನಾಡುವವನಿಂದ ಊಹಿಸುವುದಕ್ಕೆ ಒಂದು ಮಿತಿಯುಂಟು.

ನಂಟು ಬೇರೆ, ಕಾರಣ ಬೇರೆ

ಓದು ಹೆಚ್ಚಿದಂತೆ ಮನುಷ್ಯನ ಮತ ಇಂತಹ ಪಕ್ಷದ ಕಡೆಗೆ ತಿರುಗುತ್ತದೆ ಎಂದು ಈ ಅಂಕಿಗಳಿಂದ ನಿಯಮವೊಂದನ್ನು ಕಟ್ಟಬಹುದೆ? ಭೌತಶಾಸ್ತ್ರದ ನಿಯಮವಾದರೆ ಅದು ಎಲ್ಲ ಸ್ಥಳಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ನಿಲ್ಲಬೇಕು. ಇದು ಎರಡರಲ್ಲಿಯೂ ನಿಲ್ಲುವುದಿಲ್ಲ.

ಮೊದಲು ಒಂದೇ ದೇಶದೊಳಗೆ ನೋಡೋಣ. 2016ರಲ್ಲಿ ಪದವಿಯಿಲ್ಲದ ಬಿಳಿಯ ಜನರಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಮತ ಟ್ರಂಪ್ ಅವರಿಗೆ ಬಂದಿತು. ಪದವೀಧರರಾದ ಬಿಳಿಯರಲ್ಲಿ ಅವರಿಗೆ ಅಷ್ಟು ಬೆಂಬಲವಿರಲಿಲ್ಲ. ಆದರೆ ಬಿಳಿಯರಲ್ಲದ ಮತದಾರರಲ್ಲಿ ಪದವೀಧರರೂ ಪದವಿಯಿಲ್ಲದವರೂ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕ್ಲಿಂಟನ್ ಅವರಿಗೇ ಮತ ಹಾಕಿದರು. ಅಲ್ಲಿ ಓದಿನಿಂದ ಆದ ಭೇದ ಅತ್ಯಲ್ಪ. ಓದು ಎಂಬುದು ಒಂಟಿಯಾಗಿ ಬರುವ ಗುಣವಲ್ಲ. ಅದರ ಜೊತೆಗೆ ವಯಸ್ಸು, ಆದಾಯ, ಉದ್ಯೋಗ, ಹಳ್ಳಿ ಪಟ್ಟಣಗಳ ವಾಸ, ಜನಾಂಗ ಇವೆಲ್ಲ ಹೆಣೆದುಕೊಂಡಿರುತ್ತವೆ. ಇವುಗಳಲ್ಲಿ ಯಾವುದು ಎಳೆಯುತ್ತಿದೆ, ಯಾವುದು ಸುಮ್ಮನೆ ಜೊತೆಗೆ ಬರುತ್ತಿದೆ ಎಂಬುದನ್ನು ಒಂದು ಅಂಕಿಯಿಂದ ಹೇಳಲಾಗದು.

ಇನ್ನು ಕಾಲದ ಮಾತು. ಗೆಥಿನ್, ಮಾರ್ಟಿನೆಜ್-ತೊಲೆದಾನೊ, ಪಿಕೆಟ್ಟಿ ಎಂಬ ಅರ್ಥಶಾಸ್ತ್ರಜ್ಞರು 1948ರಿಂದ 2020ರವರೆಗೆ 21 ಪಾಶ್ಚಾತ್ಯ ಪ್ರಜಾಪ್ರಭುತ್ವಗಳಲ್ಲಿ ನಡೆದ ಮುನ್ನೂರಕ್ಕೂ ಹೆಚ್ಚು ಚುನಾವಣೆಗಳ ಸಂಗ್ರಹಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದರು. 1950ರ ಮತ್ತು 1960ರ ದಶಕಗಳಲ್ಲಿ ಎಡಪಕ್ಷಗಳಿಗೂ ಅವುಗಳ ಹತ್ತಿರದ ಪಕ್ಷಗಳಿಗೂ ಮತ ಕೊಡುತ್ತಿದ್ದವರು ಹೆಚ್ಚಾಗಿ ಕಡಮೆ ಓದಿದವರು. ಕ್ರಮೇಣ ಈ ರೇಖೆ ಓರೆಯಾಗುತ್ತ ಬಂದು, ಕೊನೆಗೆ ತಲೆಕೆಳಗಾಯಿತು; ಹೆಚ್ಚು ಓದಿದವರೇ ಆ ಪಕ್ಷಗಳ ಆಧಾರವಾದರು. ಹಣವುಳ್ಳವರು ಮಾತ್ರ ಬಹುಮಟ್ಟಿಗೆ ಬಲಪಕ್ಷಗಳ ಕಡೆಗೇ ಉಳಿದರು. ಅದೇ ಓದು, ಅದೇ ಓಟು. ಚಿಹ್ನೆ ಮಾತ್ರ ಋಣದಿಂದ ಧನಕ್ಕೆ ತಿರುಗಿತು! ಇದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. 1940ರಲ್ಲಿ ಅಮೆರಿಕದ ವಯಸ್ಕರಲ್ಲಿ ಪದವೀಧರರು ನೂರಕ್ಕೆ ಸುಮಾರು 5. 2020ರ ವೇಳೆಗೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು. 'ಪದವೀಧರ' ಎಂಬ ಶಬ್ದ ಒಂದೇ ಆದರೂ ಅದು ಸೂಚಿಸುವ ಜನವೇ ಬದಲಾಗಿದ್ದಾರೆ, ಪಕ್ಷಗಳೂ ಬದಲಾಗಿವೆ.

ಊರಿನ ಅಂಕಿ, ಮನುಷ್ಯನ ಅಂಕಿ

ಮತ್ತೊಂದು ಬಲೆಯುಂಟು; ಫಲಿತಾಂಶದ ದಿನ ನಾವೆಲ್ಲರೂ ಅದರಲ್ಲಿ ಬೀಳುತ್ತೇವೆ. ಮತದಾನ ಗುಪ್ತವಾದುದು, ಪೆಟ್ಟಿಗೆಯಾಗಲಿ ಯಂತ್ರವಾಗಲಿ ಮತದಾರನ ವಿದ್ಯಾರ್ಹತೆಯನ್ನು ಬರೆದಿಡುವುದಿಲ್ಲ. ಆದುದರಿಂದ "ಓದಿದವರು ಹೆಚ್ಚಾಗಿರುವ ಕ್ಷೇತ್ರದಲ್ಲಿ ಇಂತಹವರು ಗೆದ್ದರು, ಆದಕಾರಣ ಓದಿದವರು ಅವರಿಗೇ ಮತ ಕೊಟ್ಟರು" ಎಂದು ತರ್ಕಿಸುತ್ತೇವೆ. ಈ ತರ್ಕ ನಿಲ್ಲುವುದಿಲ್ಲವೆಂದು 1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು ತೋರಿಸಿಕೊಟ್ಟರು. ಅವರು ಆರಿಸಿಕೊಂಡ ವಿಷಯವೂ ಅಕ್ಷರಜ್ಞಾನವೇ.

ಎರಡು ಗುಣಗಳು ಜೊತೆಜೊತೆಯಾಗಿ ಏರಿದರೆ ಅವುಗಳ ಸಹಸಂಬಂಧಾಂಕವು 1ರವರೆಗೂ, ಒಂದು ಏರಿದಂತೆ ಇನ್ನೊಂದು ಇಳಿದರೆ ಋಣ 1ರವರೆಗೂ ಹೋಗುತ್ತದೆ. 1930ರ ಜನಗಣತಿಯಿಂದ ಅಮೆರಿಕದ ರಾಜ್ಯಗಳನ್ನು ಹೋಲಿಸಿದಾಗ, ಹೊರದೇಶದಲ್ಲಿ ಹುಟ್ಟಿ ಬಂದವರು ಹೆಚ್ಚಾಗಿರುವ ರಾಜ್ಯದಲ್ಲಿ ನಿರಕ್ಷರತೆ ಕಡಮೆ. ಸಹಸಂಬಂಧಾಂಕ ಋಣ 0.53. ಹಾಗಾದರೆ ಹೊರಗಿನಿಂದ ಬಂದವರು ಹೆಚ್ಚು ಓದಿದವರೆ? ವ್ಯಕ್ತಿಗಳನ್ನೇ ತೆಗೆದುಕೊಂಡು ಲೆಕ್ಕ ಹಾಕಿದಾಗ ಅಂಕಿ ಧನ 0.12, ಎಂದರೆ ಅವರಲ್ಲಿ ನಿರಕ್ಷರತೆ ಸ್ವಲ್ಪ ಹೆಚ್ಚೇ. ವಲಸೆ ಬಂದವರು, ಮೊದಲೇ ಅಕ್ಷರಸ್ಥರು ತುಂಬಿದ್ದ ರಾಜ್ಯಗಳಲ್ಲಿ ನೆಲೆಸಿದ್ದರು. ನೆರೆಯವರ ಗುಣವು ಇವರ ಲೆಕ್ಕಕ್ಕೆ ಬಿದ್ದಿತ್ತು.

ನಮ್ಮ ನಾಡಿನಿಂದ ಒಂದು ನಿದರ್ಶನ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತ ಹಾಕಿದವರು ನೂರಕ್ಕೆ 55ರ ಒಳಗೆ. ಮಂಡ್ಯದಲ್ಲಿ 80ಕ್ಕೂ ಹೆಚ್ಚು. "ನೋಡಿ, ಓದಿದವರು ಮತಗಟ್ಟೆಗೆ ಹೋಗುವುದಿಲ್ಲ" ಎಂಬ ಮಾತು ಕೂಡಲೆ ಬಾಯಿಗೆ ಬರುತ್ತದೆ. ಆದರೆ ಅಂಕಿ ಹೇಳಿದುದು ಊರಿನ ವಿಷಯ, ಮನುಷ್ಯನ ವಿಷಯವಲ್ಲ. ಬೆಂಗಳೂರಿನಲ್ಲಿ ಮತ ಹಾಕದೆ ಉಳಿದವನು ಇಂಜಿನಿಯರನೊ, ದೂರದ ಜಿಲ್ಲೆಯಿಂದ ಬಂದ ಗಾರೆ ಕೆಲಸದವನೊ, ಮನೆ ಬದಲಾಯಿಸಿದ ಮೇಲೂ ಹಳೆಯ ಪಟ್ಟಿಯಲ್ಲಿಯೇ ಹೆಸರು ಉಳಿದಿರುವವನೊ ಎಂಬುದನ್ನು ಆ ಅಂಕಿ ತಿಳಿಸದು. ಅದನ್ನು ತಿಳಿಯಬೇಕಾದರೆ ಮನೆಮನೆಗೆ ಹೋಗಿ ಕೇಳಬೇಕು. ಕೇಳುವಾಗ ಮೇಲೆ ಹೇಳಿದ ಎಚ್ಚರಿಕೆಗಳನ್ನೆಲ್ಲ ವಹಿಸಬೇಕು.

ತೂಕವಿಲ್ಲದ ತಕ್ಕಡಿ

ಇಷ್ಟೊಂದು ಎಚ್ಚರಿಕೆ ಏಕೆ ಎಂದು ಕೇಳಬಹುದು. ಓದಿಗೂ ಓಟಿಗೂ ಇರುವ ನಂಟಿನ ಅಂಕಿಯನ್ನು ಕಂಡ ಕೂಡಲೆ, ಓದದವರ ಮತ ತಿಳಿಗೇಡಿಗಳ ಮತವೆಂದೂ, ಮತ ಕೊಡುವ ಹಕ್ಕಿಗೆ ವಿದ್ಯಾರ್ಹತೆಯನ್ನು ಇಡಬೇಕೆಂದೂ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಯಾವ ಅಭ್ಯರ್ಥಿಯನ್ನು ಆರಿಸಿದರು ಎಂಬುದನ್ನು ಅಂಕಿ ಹೇಳುತ್ತದೆ. ಆ ಆಯ್ಕೆ ವಿವೇಕದ್ದೇ ಅಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮತದಾರರಿಗೆ ಅಕ್ಷರಪರೀಕ್ಷೆಯನ್ನು ಇಟ್ಟಿದ್ದರು. ಅದರ ಮುಖ್ಯ ಉಪಯೋಗವಾದುದು ಕರಿಯ ಜನರನ್ನು ಮತಗಟ್ಟೆಯಿಂದ ದೂರವಿಡುವುದಕ್ಕೆ. 1965ರ ಮತದಾನ ಹಕ್ಕುಗಳ ಶಾಸನವು ಅಲ್ಲಿ ಅದನ್ನು ತಡೆಯಿತು. 1970ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಿ, 1975ರಲ್ಲಿ ಆ ನಿಷೇಧವನ್ನು ಶಾಶ್ವತವಾಗಿ ಮಾಡಿದರು.

ನಮ್ಮ ದೇಶ ಆ ದಾರಿಯನ್ನು ಮೊದಲೇ ತ್ಯಜಿಸಿತು. 1951ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಾತ್ರ. ಆದರೂ 1951–52ರ ಮೊದಲ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತವಿತ್ತು. ಓದು ಬಾರದವರ ಅನುಕೂಲಕ್ಕಾಗಿ ಅಭ್ಯರ್ಥಿಗೊಂದು ಪೆಟ್ಟಿಗೆಯನ್ನಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಿದ್ದರು. ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರು ಆರಿಸುವ 7 ಸ್ಥಾನಗಳೂ ಶಿಕ್ಷಕರು ಆರಿಸುವ 7 ಸ್ಥಾನಗಳೂ ಇವೆ ಎಂಬುದು ನಿಜ. ಆದರೆ ಮಂತ್ರಿಮಂಡಲ ನಿಲ್ಲುವುದೂ ಬೀಳುವುದೂ ವಿಧಾನಸಭೆಯ ವಿಶ್ವಾಸದ ಮೇಲೆ. ಆ ಸಭೆಯನ್ನು ಆರಿಸುವಾಗ ಪದವಿಯನ್ನು ಯಾರೂ ಕೇಳುವುದಿಲ್ಲ.

ಜನರ ಮನಸ್ಸನ್ನು ಅಳೆಯುವ ಶಾಸ್ತ್ರಜ್ಞನು ತನ್ನ ಕಾಗದದ ಮೇಲೆ ಒಬ್ಬನಿಗೆ 0.7, ಮತ್ತೊಬ್ಬನಿಗೆ 1.3 ಎಂದು ತೂಕ ಕಟ್ಟಲೇಬೇಕು. ಇಲ್ಲದಿದ್ದರೆ ಅವನ ಅಳತೆ ತಪ್ಪುತ್ತದೆ. ಆ ತೂಕ, ಮಾತಿಗೆ ಸಿಗದೆ ಹೋದವರ ಸ್ಥಾನವನ್ನು ಅವರಿಗೆ ಹಿಂದಿರುಗಿಸುವ ಪ್ರಯತ್ನ. ಚುನಾವಣೆಯ ದಿನ ಆ ಕಾಗದವನ್ನು ಮಡಿಸಿಟ್ಟು ಅವನೂ ಸಾಲಿನಲ್ಲಿ ನಿಲ್ಲುತ್ತಾನೆ. ಅಲ್ಲಿ ಅವನ ಮತದ ತೂಕವೂ, ಮುಂದೆ ನಿಂತಿರುವ ಹೆಬ್ಬೆಟ್ಟಿನ ಮುದುಕಿಯ ಮತದ ತೂಕವೂ ಒಂದೇ.